ಸ್ಪೋರ್ಟ್ಸ್ ಕಾರಿಗೆ ಟೈರ್: ಆರಿಸುವುದು ಹೇಗೆ, ಅಳೆಯುವುದು ಹೇಗೆ

ಪ್ರತಿ ರಬ್ಬರ್ ಮಿಶ್ರಣಕ್ಕೂ ತಾನು ಚೆನ್ನಾಗಿ ಕೆಲಸ ಮಾಡುವ ಉಷ್ಣಾಂಶದ ವ್ಯಾಪ್ತಿ ಇರುತ್ತದೆ. ಟೈರ್ ಆಯ್ಕೆ ಶುರುವಾಗಬೇಕಾದ್ದು ಅಲ್ಲಿಂದ. ಟ್ರ್ಯಾಕಿಗೆಂದೇ ಮಾಡಿದ, ಗೀರುಗಳು ತೀರಾ ಕಡಿಮೆ ಇರುವ ಅರೆ-ಸ್ಲಿಕ್ ಟೈರ್ 80 ಡಿಗ್ರಿ ಸೆಲ್ಸಿಯಸ್ ದಾಟಿದಾಗ ರಸ್ತೆಗೆ ಅಂಟಿಕೊಳ್ಳುತ್ತದೆ. ಅದೇ ಟೈರ್ ಬೆಳಗಿನ ತಣ್ಣನೆಯ ರಸ್ತೆಯಲ್ಲಿ ಸಾಮಾನ್ಯ ಟೈರಿಗಿಂತ ಕಡೆಯಾಗಿ ಜಾರಬಹುದು. ರಸ್ತೆಯ ಸ್ಪೋರ್ಟ್ಸ್ ಕಾರುಗಳಿಗೆಂದು ಮಾಡಿದ ಸಮ್ಮರ್ ಪರ್ಫಾರ್ಮೆನ್ಸ್ ಟೈರುಗಳೂ ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗುತ್ತವೆ. ಕಾರು ಹೆಚ್ಚಾಗಿ ರಸ್ತೆಯಲ್ಲೇ ಓಡುತ್ತದೆ, ಮಳೆಯಲ್ಲೂ ಹೊರಗೆ ತೆಗೆಯುತ್ತೀರಿ ಎಂದಾದರೆ ಸಮ್ಮರ್ ಪರ್ಫಾರ್ಮೆನ್ಸ್ ವರ್ಗವೇ ಸರಿ. ವರ್ಷಕ್ಕೆ ಎರಡು ಟ್ರ್ಯಾಕ್ ದಿನಗಳಿಗಾಗಿ ಉಳಿದ ದಿನಗಳ ಮಳೆ ಹಿಡಿತವನ್ನು ಬಿಟ್ಟುಕೊಡುವುದು ಕೆಟ್ಟ ವ್ಯಾಪಾರ. ಟ್ರ್ಯಾಕಿಗೆ ಬೇಕಿದ್ದರೆ ಬೇರೆ ರಿಮ್‌ಗಳ ಮೇಲೆ ಎರಡನೇ ಸೆಟ್ ಇಟ್ಟುಕೊಳ್ಳಿ.

ಇನ್ನು ಅಳತೆ. ಟೈರಿನ ಪಕ್ಕದಲ್ಲಿ 245/40 ಜೆಡ್‌ಆರ್ 18 97ವೈ ಎಂದಿದೆ ಎನ್ನೋಣ. 245 ಎಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ, 40 ಎಂದರೆ ಪಕ್ಕದ ಎತ್ತರ ಆ ಅಗಲದ ಶೇ. 40, ಅಂದರೆ 98 ಮಿ.ಮೀ. ಜೆಡ್ ಹೆಚ್ಚು ವೇಗದ ಟೈರ್ ಎಂಬುದರ ಗುರುತು, ಆರ್ ಎಂದರೆ ರೇಡಿಯಲ್ ರಚನೆ. ರಿಮ್ಮಿನ ವ್ಯಾಸ 18 ಇಂಚು. 97 ಭಾರದ ಸೂಚ್ಯಂಕ, ಒಂದು ಟೈರಿಗೆ 730 ಕೆ.ಜಿ. ವೈ ಎಂದರೆ ಗಂಟೆಗೆ 300 ಕಿ.ಮೀ.ವರೆಗೆ, ಡಬ್ಲ್ಯೂ ಆದರೆ 270, ವಿ ಆದರೆ 240. ಭಾರದ ಸೂಚ್ಯಂಕ, ವೇಗದ ಅಕ್ಷರ ಎರಡನ್ನೂ ಕಾರು ತಯಾರಕರು ಹೇಳಿದ್ದಕ್ಕಿಂತ ಇಳಿಸಬೇಡಿ.

ಅಗಲ ಹೆಚ್ಚಿಸುವ ಆಸೆ ಬಂದಾಗ ಮೊದಲು ರಿಮ್ಮಿನ ಅಗಲ ನೋಡಿ. ಮೇಲಿನ ಅಳತೆಯ ಟೈರಿಗೆ ಸಾಮಾನ್ಯವಾಗಿ 8ರಿಂದ 9.5 ಇಂಚಿನ ರಿಮ್ ಒಪ್ಪಿಗೆ. ಕಿರಿದಾದ ರಿಮ್ಮಿಗೆ ಅಗಲದ ಟೈರ್ ತೂರಿಸಿದರೆ ತಿರುವಿನಲ್ಲಿ ಟೈರಿನ ಪಕ್ಕ ಮಡಚಿಕೊಂಡು ಅಂಚು ಸವೆಯುತ್ತದೆ, ಸ್ಟೀರಿಂಗ್ ತಡವಾಗಿ ಸ್ಪಂದಿಸುತ್ತದೆ. ರಿಮ್ಮಿಗೆ ಸರಿಯಾಗಿ ಕೂತ 245, ಇಕ್ಕಟ್ಟಾಗಿ ಕೂತ 265ಕ್ಕಿಂತ ಎಷ್ಟೋ ಮೇಲು. ಒಟ್ಟು ವ್ಯಾಸವನ್ನೂ ಲೆಕ್ಕ ಹಾಕಿ: 245/40ಕ್ಕೆ 653 ಮಿ.ಮೀ., ಅದೇ ರಿಮ್ಮಿನಲ್ಲಿ 265/35ಕ್ಕೆ ಸುಮಾರು 643. ಮೂಲ ವ್ಯಾಸದಿಂದ ಶೇ. 3ಕ್ಕಿಂತ ಆಚೆ ಹೋಗಬಾರದು. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರಿನಲ್ಲಿ ಮುಂದಿನ ಮತ್ತು ಹಿಂದಿನ ವ್ಯಾಸಗಳ ಅನುಪಾತ ಕೆಟ್ಟರೆ ಡಿಫರೆನ್ಷಿಯಲ್ (ಚಕ್ರಗಳಿಗೆ ಬಲ ಹಂಚುವ ಗೇರುಗಳ ಜೋಡಣೆ) ಬಿಸಿಯಾಗಿ ಹಾಳಾಗಬಹುದು.

ಅಂಗಡಿಯಲ್ಲಿ ಟೈರ್ ಕೈಗೆ ಬಂದಾಗ ಅದರ ಪಕ್ಕದಲ್ಲಿ ಡಾಟ್ (DOT) ಎಂದು ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ನಾಲ್ಕೂ ಟೈರುಗಳ ತಾರೀಖು ಹತ್ತಿರ ಹತ್ತಿರ ಇರಲಿ. ಟೈರ್ ಎಷ್ಟು ಬಾಳುತ್ತದೆ ಎಂದು ಸೂಚಿಸುವ ಟ್ರೆಡ್‌ವೇರ್ ಸಂಖ್ಯೆಯನ್ನು ಅತಿಯಾಗಿ ನಂಬಬೇಡಿ: ಆ ಅಂಕಿ ಕೊಡುವವರು ತಯಾರಕರೇ, ಹಾಗಾಗಿ ಬೇರೆ ಬೇರೆ ಕಂಪನಿಗಳ 200 ಒಂದೇ ಅಲ್ಲ. ಪಕ್ಕದಲ್ಲಿರುವ ಟ್ರಾಕ್ಷನ್ ಅಕ್ಷರ ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಾಕಿದ್ದನ್ನು ಮಾತ್ರ ಹೇಳುತ್ತದೆ, ತಿರುವಿನ ಹಿಡಿತವನ್ನಲ್ಲ.

ಹಾಕಿಸಿದ ಮೇಲೆ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿ, ನಟ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಿಂದಲೇ ಬಿಗಿಸಿ, 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ. ಮೊದಲ ಕೆಲವು ನೂರು ಕಿ.ಮೀ. ಸೌಮ್ಯವಾಗಿ ಓಡಿಸಿ, ಅಚ್ಚಿನಿಂದ ಬಂದ ಜಿಡ್ಡು ಹೋಗಬೇಕು. ಪೂರ್ತಿ ಆಳದ ಹೊಸ ಟ್ರೆಡ್ಡನ್ನು (ನೆಲಕ್ಕೆ ತಾಗುವ, ಗೀರುಗಳಿರುವ ಪದರ) ಮೊದಲ ದಿನವೇ ಟ್ರ್ಯಾಕಿನಲ್ಲಿ ದುಡಿಸಿದರೆ ಟ್ರೆಡ್ಡಿನ ಬ್ಲಾಕುಗಳು ಅಲುಗಿ ಅಲುಗಿ ಬಿಸಿಯೇರಿ ತುಂಡು ತುಂಡಾಗಿ ಕಿತ್ತುಬರುತ್ತವೆ.

ಟೈರನ್ನು ಅಳೆಯುವ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಗಾಳಿಯ ಒತ್ತಡದಲ್ಲಿ. ಉಷ್ಣಾಂಶ 10 ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಏರುತ್ತದೆ. ಒಂದು ಟೈರನ್ನು 32 ಪಿಎಸ್‌ಐನಲ್ಲಿ, ಇನ್ನೊಂದನ್ನು 37ರಲ್ಲಿ ಓಡಿಸಿ ಹೋಲಿಸಿದರೆ ನೀವು ಹೋಲಿಸಿದ್ದು ಗಾಳಿಯನ್ನು. ಆದ್ದರಿಂದ ರಸ್ತೆಗೆ ತಣ್ಣಗಿದ್ದಾಗಿನ ಒತ್ತಡ, ಟ್ರ್ಯಾಕಿಗೆ ಬಿಸಿಯಾದಾಗಿನ ಒತ್ತಡ, ಎರಡನ್ನೂ ಬರೆದಿಡಿ. ಟ್ರ್ಯಾಕಿನಿಂದ ಬಂದ ತಕ್ಷಣ, ನಿಧಾನದ ಸುತ್ತು ಹಾಕಿ ತಣಿಸದೆ, ರಬ್ಬರಿಗೆ ಚುಚ್ಚಿ ಉಷ್ಣಾಂಶ ಅಳೆಯುವ ಪೈರೋಮೀಟರ್‌ನಿಂದ ಒಳ ಅಂಚು, ನಡು, ಹೊರ ಅಂಚು, ಮೂರು ಕಡೆ ಉಷ್ಣಾಂಶ ತೆಗೆದುಕೊಳ್ಳಿ. ಇನ್‌ಫ್ರಾರೆಡ್ ಉಪಕರಣ ಮೇಲ್ಮೈಯನ್ನಷ್ಟೇ ನೋಡುತ್ತದೆ, ಮೇಲ್ಮೈ ಬೇಗ ಆರುತ್ತದೆ. ನಡು ಹೆಚ್ಚು ಬಿಸಿ ಇದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಬಿಸಿ ಇದ್ದರೆ ಕಡಿಮೆ. ಹೊರ ಅಂಚೊಂದೇ ಸುಡುತ್ತಿದ್ದರೆ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಸಾಲದು. ಒಳ ಅಂಚು ತುಸು ಹೆಚ್ಚು ಬಿಸಿ ಇರುವುದು ಸಹಜ. ಪೈರೋಮೀಟರ್ ಇಲ್ಲವೆಂದರೆ ಟ್ರೆಡ್ಡಿನ ಅಂಚಿನಿಂದ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು ಕೆಲವು ಸುತ್ತು ಓಡಿಸಿ. ಗೆರೆ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರ್ ಹೊರಳಿದೆ.

ಎರಡು ಟೈರುಗಳನ್ನು ಹೋಲಿಸುವಾಗ ಹಳೆಯದು, ಹೊಸದು, ಮತ್ತೆ ಹಳೆಯದು ಎಂಬ ಕ್ರಮದಲ್ಲಿ ಓಡಿಸಿ. ಹಳೆಯ ಸೆಟ್ಟಿನ ಎರಡು ಫಲಿತಾಂಶಗಳೇ ತಾಳೆಯಾಗದಿದ್ದರೆ ಆ ನಡುವೆ ನೆಲವೋ ಹವೆಯೋ ಬದಲಾಗಿದೆ, ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಅತಿ ವೇಗದ ಒಂದು ಸುತ್ತಿಗಿಂತ ಐದನೇ, ಆರನೇ ಸುತ್ತಿನಲ್ಲಿ ಉಳಿಯುವ ಹಿಡಿತ ಹೆಚ್ಚು ಹೇಳುತ್ತದೆ. ಮಿತಿ ಮೀರುವ ಮುನ್ನ ಟೈರ್ ಎಚ್ಚರಿಸುತ್ತದೆಯೇ, ಥಟ್ಟನೆ ಕೈಬಿಡುತ್ತದೆಯೇ ಎಂಬುದನ್ನೂ ಗಮನಿಸಿ. ರಸ್ತೆಯ ಕಾರಿಗೆ ಆ ಎಚ್ಚರಿಕೆ ಅರ್ಧ ಸೆಕೆಂಡಿನ ಲಾಭಕ್ಕಿಂತ ಬೆಲೆಬಾಳುತ್ತದೆ. ಇವೆಲ್ಲ ಮುಚ್ಚಿದ ಟ್ರ್ಯಾಕಿನಲ್ಲಿ ಮಾತ್ರ.

ಸವೆತವನ್ನು ಒಳ ಅಂಚಿನಲ್ಲೂ ಅಳೆಯಿರಿ, ಹೊರಗಿನಿಂದ ಅದು ಕಾಣುವುದಿಲ್ಲ. ಟ್ರೆಡ್ಡಿನ ಮೇಲೆ ಕೈ ಸವರಿದಾಗ ಒಂದು ದಿಕ್ಕಿಗೆ ನಯ, ಇನ್ನೊಂದಕ್ಕೆ ಗರಗರ ಎನಿಸಿದರೆ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದೆ. ಸವೆತದ ಗುರುತು ಬರುವುದು 1.6 ಮಿ.ಮೀ.ಗೆ, ಆದರೆ 3 ಮಿ.ಮೀ.ಗಿಂತ ಕೆಳಗಿಳಿದರೆ ನಿಂತ ನೀರಿನ ಮೇಲೆ ಅಗಲದ ಟೈರ್ ಬೇಗ ತೇಲುತ್ತದೆ. ಟ್ರೆಡ್ ಉಳಿದಿದ್ದರೂ ಸುತ್ತಿನ ಸಮಯ ಜಾರುತ್ತಾ ಹೋದರೆ, ಮತ್ತೆ ಮತ್ತೆ ಕಾದು ಆರಿ ರಬ್ಬರ್ ಗಡುಸಾಗಿದೆ. ಒತ್ತಡ ಬದಲಿಸಿದರೆ ಹಿಡಿತ ಮರಳುವುದಿಲ್ಲ, ಟೈರನ್ನೇ ಬದಲಿಸಬೇಕು.