ಗಂಡ ಹೆಂಡ್ತಿ ಇಬ್ರೂ ಬ್ರಿಟನ್‌ಗೆ ಶಿಫ್ಟ್ ಆಗ್ತಿದ್ರೆ: ಪೇಪರ್, ಟಿಕೆಟ್, ಲಗೇಜು, ಆಮೇಲಿನ ಕಥೆ

ಕೆಲಸ ಸಿಕ್ಕಿರೋದು ಒಬ್ರಿಗೆ, ಹೊರಟಿರೋದು ಇಬ್ರು, ತಲೆನೋವೆಲ್ಲ ಶುರುವಾಗೋದೇ ಇಲ್ಲಿಂದ. ಎಚ್‌ಆರ್ ಮೇಲ್ ಬರೋದು ಕೆಲಸ ಸಿಕ್ಕಿದವರಿಗೆ ಮಾತ್ರ, ಇನ್ನೊಬ್ಬರ ಬಗ್ಗೆ ಅದರಲ್ಲಿ ಒಂದೇ ಒಂದು ಸಾಲು ಇರತ್ತೆ, ಡಿಪೆಂಡೆಂಟ್ ಕೂಡ ಅಪ್ಲೈ ಮಾಡ್ಬಹುದು ಅಂತ. ಮನೇಲಿ ನೀವು ಒಂದೇ ಸಂಸಾರ ಇರಬಹುದು, ಆದ್ರೆ ಅಲ್ಲಿನ ಆಫೀಸು, ಬ್ಯಾಂಕು, ಏರ್‌ಲೈನ್ ಯಾರಿಗೇ ಆದ್ರೂ ನೀವು ಎರಡು ಬೇರೆ ಬೇರೆ ಫೈಲು. ಇದನ್ನ ಮೊದಲ ದಿನದಿಂದಲೇ ತಲೇಲಿ ಇಟ್ಕೊಂಡ್ರೆ ಅರ್ಧ ಕೆಲಸ ಸಲೀಸು. ನಾನು ಹೇಳ್ತಿರೋದು ಬೆಂಗಳೂರಿಂದ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ (ಅಲ್ಲಿನ ಕಂಪನಿ ಕೆಲಸ ಕೊಟ್ಟು ಕರೆಸ್ಕೊಳ್ಳೋ ವೀಸಾ) ಹೋಗೋರಿಗೆ.

ಎಲ್ಲಕ್ಕಿಂತ ಮೊದ್ಲು ಜೊತೇಲಿ ಕರ್ಕೊಂಡು ಹೋಗೋಕೆ ಆಗತ್ತಾ ನೋಡಿ. ಕೇರ್ ವರ್ಕರ್ ಆಗಿ ಹೋಗೋರಿಗೆ 2024ರ ಮಾರ್ಚ್ 11ರಿಂದ ಡಿಪೆಂಡೆಂಟ್ ಬಂದ್, ಮಾಸ್ಟರ್ಸ್ ಓದೋಕೆ ಹೋಗೋರಿಗೂ (ರಿಸರ್ಚ್ ಕೋರ್ಸ್ ಬಿಟ್ಟು) 2024ರ ಜನವರಿಯಿಂದ ಅದೇ ಕಥೆ. 2025ರ ಜುಲೈ 22ರಿಂದ ಪದವಿ ಮಟ್ಟಕ್ಕಿಂತ ಕೆಳಗಿನ ಎಷ್ಟೋ ಕೆಲಸಗಳಿಗೂ ಹೊಸಬರು ಫ್ಯಾಮಿಲಿ ಕರ್ಕೊಂಡು ಹೋಗೋ ಹಾಗಿಲ್ಲ. ಏಜೆಂಟ್ "ಆಗತ್ತೆ ಸರ್, ಮಾಡಿಸ್ಕೊಡ್ತೀನಿ" ಅಂದ ಮಾತ್ರಕ್ಕೆ ದುಡ್ಡು ಕೊಟ್ಬಿಡ್ಬೇಡಿ, ಗವ್ ಡಾಟ್ ಯುಕೆ ಸೈಟಲ್ಲಿ ನಿಮ್ಮ ಜಾಬ್ ಕೋಡ್ (ನಿಮ್ಮ ಥರದ ಕೆಲಸಕ್ಕೆ ಇರೋ ನಂಬರ್) ಹಾಕಿ ನೀವೇ ಚೆಕ್ ಮಾಡಿ.

ಈಗ ಮದುವೆ ಸರ್ಟಿಫಿಕೇಟು. ಛತ್ರದಲ್ಲಿ ಸಾವಿರ ಜನಕ್ಕೆ ಊಟ ಹಾಕಿಸಿರ್ತೀರ, ರಿಜಿಸ್ಟ್ರೇಶನ್ ಮಾತ್ರ ಮಾಡ್ಸಿರಲ್ಲ. ಮಾಡ್ಸಿಲ್ಲ ಅಂದ್ರೆ ಈಗಲೇ ಮಾಡ್ಸಿ, ಹಿಂದೂ ಮದುವೆಗಳಿಗೆ 2024ರಿಂದ ನಮ್ಮ ನೋಂದಣಿ ಇಲಾಖೆಯ ಕಾವೇರಿ 2.0 ಸೈಟಲ್ಲಿ ಆನ್‌ಲೈನಲ್ಲೇ ಅರ್ಜಿ ಹಾಕ್ಬಹುದು, ಇಲ್ಲಾಂದ್ರೆ ಲಗ್ನಪತ್ರಿಕೆ, ಮದುವೆ ಫೋಟೋ, ಸಾಕ್ಷಿಗಳನ್ನ ಕರ್ಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗೋದು ಇದ್ದೇ ಇದೆ. ಸರ್ಟಿಫಿಕೇಟ್ ಕನ್ನಡದಲ್ಲಿ ಮಾತ್ರ ಇದ್ರೆ ಸರ್ಟಿಫೈಡ್ ಇಂಗ್ಲಿಷ್ ಅನುವಾದ ಬೇಕು, ಅನುವಾದ ಮಾಡಿದವರ ಹೆಸರು, ಸಹಿ, ತಾರೀಕು, ಫೋನ್ ಅಥವಾ ವಿಳಾಸ ಎಲ್ಲ ಇರ್ಬೇಕು. ಮದುವೆ ಆಗದೆ ಜೊತೇಲಿ ಇರೋರು ಎರಡು ವರ್ಷದ ಸಂಬಂಧಕ್ಕೆ ಪುರಾವೆ ಕೊಡ್ಬೇಕು, ರೆಂಟಲ್ ಅಗ್ರಿಮೆಂಟು, ಜಾಯಿಂಟ್ ಅಕೌಂಟು, ಈ ಥರದ್ದು.

ಹೆಸರಿನ ವಿಷಯ ನಮ್ಮ ಕಡೆಯವರಿಗೆ ಸ್ಪೆಷಲ್ ಕಾಟ. ನಮ್ಮಲ್ಲಿ ಇನಿಶಿಯಲ್ ಜಾಸ್ತಿ, ಸರ್‌ನೇಮ್ ಕಮ್ಮಿ. ಗಂಡನ ಪಾಸ್‌ಪೋರ್ಟಲ್ಲಿ ಊರು, ಅಪ್ಪನ ಹೆಸರು ಎಲ್ಲ ಬಿಡಿಸಿ ಬರೆದಿರತ್ತೆ, ಹೆಂಡ್ತಿ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ, ಮದುವೆ ಸರ್ಟಿಫಿಕೇಟಲ್ಲಿ ಬರೀ ಇನಿಶಿಯಲ್, ಲಕ್ಷ್ಮಿ ಅನ್ನೋದನ್ನ ಒಂದ್ ಕಡೆ ಕೆಎಸ್‌ಎಚ್ ಹಾಕಿ ಬರೆದ್ರೆ ಇನ್ನೊಂದ್ ಕಡೆ ಎಕ್ಸ್. ಎಲ್ಲದಕ್ಕೂ ಪಾಸ್‌ಪೋರ್ಟೇ ಆಧಾರ, ಮಿಕ್ಕಿದ್ದನ್ನೆಲ್ಲ ಅದಕ್ಕೆ ಹೊಂದಿಸಿ. ಟಿಕೆಟ್ ಮಾಡೋವಾಗ ಸರ್‌ನೇಮ್ ಇಲ್ದೇ ಇರೋರಿಗೆ ಒಂದೊಂದು ಏರ್‌ಲೈನ್ ಒಂದೊಂದು ಥರ ಹಾಕ್ಸತ್ತೆ, ಕೆಲವರು ಅದೇ ಹೆಸರನ್ನ ಎರಡು ಸಲ ಹಾಕಿ ಅಂತಾರೆ, ಊಹೆ ಮಾಡ್ಬೇಡಿ, ಅವರ ಕಸ್ಟಮರ್ ಕೇರ್‌ಗೆ ಕೇಳಿ ಮೇಲ್‌ನಲ್ಲಿ ಉತ್ತರ ತಗೊಳ್ಳಿ. ಅಂದಹಾಗೆ ಮದುವೆ ಆದ್ಮೇಲೆ ಹೆಂಡ್ತಿ ಹೆಸರು ಬದಲಾಯಿಸ್ಲೇಬೇಕು ಅಂತ ಯಾವ ರೂಲೂ ಇಲ್ಲ, ಹೊರಡೋ ಟೈಮಲ್ಲಿ ಪಾಸ್‌ಪೋರ್ಟ್ ರೀಇಶ್ಯೂಗೆ ಕೈ ಹಾಕ್ಬೇಡಿ.

ಟಿಬಿ ಟೆಸ್ಟ್ ಇಬ್ರಿಗೂ ಬೇಕು, ಬ್ರಿಟನ್ ಸರ್ಕಾರ ಒಪ್ಪಿರೋ ಕ್ಲಿನಿಕ್‌ನಲ್ಲೇ ಆಗ್ಬೇಕು, ಪಕ್ಕದ ಲ್ಯಾಬ್ ಎಕ್ಸ್‌ರೇ ನಡಿಯಲ್ಲ. ಸರ್ಟಿಫಿಕೇಟ್ ಆರು ತಿಂಗಳು ಮಾತ್ರ ಚಾಲ್ತಿ, ಅದಕ್ಕೇ ಆಫರ್ ಬಂತು ಅಂತ ಅವಸರಕ್ಕೆ ಮಾಡ್ಸಿ ಆಮೇಲೆ ಕಂಪನಿ ಪೇಪರ್ ಲೇಟಾಗಿ ಮತ್ತೆ ದುಡ್ಡು ಕಟ್ಟೋ ಹಾಗಾಗ್ಬಾರ್ದು. ಗರ್ಭಿಣಿ ಆಗಿದ್ರೆ ಮೊದಲೇ ಕ್ಲಿನಿಕ್‌ಗೆ ಹೇಳಿ, ಎಕ್ಸ್‌ರೇ ಬದಲು ಕಫದ ಟೆಸ್ಟ್ ಕೇಳ್ಬಹುದು, ಅದರ ರಿಸಲ್ಟ್‌ಗೆ ವಾರಗಟ್ಟಲೆ ಕಾಯ್ಬೇಕಾಗತ್ತೆ.

ದುಡ್ಡಿನ ಮಾತು. ವೀಸಾ ಫೀ ಅಲ್ಲದೆ ಹೆಲ್ತ್ ಸರ್ಚಾರ್ಜ್ ಅಂತ ಒಂದಿದೆ, ದೊಡ್ಡವರಿಗೆ ವರ್ಷಕ್ಕೆ ತಲಾ 1,035 ಪೌಂಡ್, ಮೂರು ವರ್ಷದ ವೀಸಾ ಅಂದ್ರೆ ಒಬ್ಬೊಬ್ಬರಿಗೆ 3,105 ಪೌಂಡ್, ಕಂತು ಗಿಂತು ಏನೂ ಇಲ್ಲ, ಅರ್ಜಿ ಹಾಕುವಾಗಲೇ ಪೂರ್ತಿ ಕಟ್ಬೇಕು. ಕಂಪನಿ ಎಷ್ಟೋ ಸಲ ಎಂಪ್ಲಾಯಿದು ಮಾತ್ರ ಕಟ್ಟತ್ತೆ, ಆದ್ರಿಂದ ಆಫರ್‌ಗೆ ಸಹಿ ಹಾಕೋ ಮುಂಚೆನೇ ನೇರವಾಗಿ ಕೇಳಿ, ಆಮೇಲೆ ಕೇಳಿದ್ರೆ ಯಾರೂ ಕೊಡಲ್ಲ. ಇನ್ನೊಂದು, ಅಕೌಂಟಲ್ಲಿ 28 ದಿನ ದುಡ್ಡು ತೋರಿಸ್ಬೇಕು, ಮುಖ್ಯ ಅರ್ಜಿದಾರರಿಗೆ 1,270 ಪೌಂಡ್, ಜೊತೆಗಾರರಿಗೆ 285. ಕಂಪನಿ ತನ್ನ ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟಲ್ಲಿ ಖರ್ಚು ನೋಡ್ಕೋತೀವಿ ಅಂತ ಟಿಕ್ ಮಾಡಿದ್ರೆ ಇದು ಬೇಡ, ಆದ್ರೆ ಡಿಪೆಂಡೆಂಟ್‌ಗೂ ಸೇರಿಸಿ ಹೇಳಿದಾರಾ ಅಂತ ನೋಡಿ.

ವೀಸಾ ಬಂದ್ಮೇಲೆ ಇಬ್ರ ಡೇಟೂ ಪಕ್ಕ ಪಕ್ಕ ಇಟ್ಕೊಂಡು ಓದಿ. ಒಬ್ಬರಿಗೆ ಬರೀ ಈವೀಸಾ (ಆನ್‌ಲೈನ್‌ನಲ್ಲೇ ಇರೋ ವೀಸಾ), ಇನ್ನೊಬ್ಬರಿಗೆ ಪಾಸ್‌ಪೋರ್ಟಲ್ಲಿ 90 ದಿನದ ಸ್ಟಿಕರ್ ಬರೋದೂ ಉಂಟು, ಸ್ಟಿಕರ್ ಇರೋರು ಅದರೊಳಗೆ ಹೋಗಿ ಇಳೀಲೇಬೇಕು. ಯುಕೆವಿಐ (ಬ್ರಿಟನ್ನಿನ ವೀಸಾ ಇಲಾಖೆ) ಅಕೌಂಟ್ ಇಬ್ರಿಗೂ ಬೇರೆ ಬೇರೆ, ಇಬ್ರ ಪಾಸ್‌ಪೋರ್ಟ್ ನಂಬರೂ ಅದಕ್ಕೆ ಲಿಂಕ್ ಆಗಿರ್ಬೇಕು, ಇಲ್ಲಾಂದ್ರೆ ದೇವನಹಳ್ಳಿ ಕೌಂಟರಲ್ಲಿ ಏರ್‌ಲೈನ್‌ನವರಿಗೆ ನಿಮ್ಮ ವೀಸಾನೇ ಕಾಣ್ಸಲ್ಲ. ಗಂಡನ ಒಂದೇ ಇಮೇಲ್‌ನ ಇಬ್ರಿಗೂ ಕೊಡೋ ಅಭ್ಯಾಸ ಇದ್ಯಲ್ಲ, ಅದನ್ನ ಬಿಡಿ. ಕೆಲಸ ಇರೋರು ಜೊತೇಲಿ ಅಥವಾ ಮುಂಚೆ ಹೋಗ್ಲಿ, ಡಿಪೆಂಡೆಂಟ್ ಮೊದ್ಲು ಹೋಗಿ ಮನೆ ನೋಡೋ ಪ್ಲಾನ್ ಬೇಡ.

ಟಿಕೆಟ್‌ಗೆ ಬಂದ್ರೆ, ಬೆಂಗಳೂರಿಂದ ಲಂಡನ್‌ಗೆ ನೇರ ವಿಮಾನ ಇದೆ, ದುಬೈ ದೋಹಾ ಕಡೆಯಿಂದ ಹೋದ್ರೆ ಅಗ್ಗ ಆಗ್ಬಹುದು. ನನ್ ಕೇಳಿದ್ರೆ ಸಂಸಾರ ಹೊತ್ಕೊಂಡು ಹೋಗೋ ಮೊದಲ ಸಲ ನೇರ ವಿಮಾನಕ್ಕೇ ದುಡ್ಡು ಹಾಕಿ. ಯುರೋಪ್ ಮೇಲೆ ಹೋಗೋದಾದ್ರೆ ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾ ಬೇಕಾ ನೋಡ್ಕೊಳ್ಳಿ, ಬ್ರಿಟನ್ ವೀಸಾ ಇದೆ ಸಾಕು ಅನ್ಕೋಬೇಡಿ, ಅವರು ಯುರೋಪಿಯನ್ ಯೂನಿಯನ್‌ನಿಂದ ಹೊರಗೆ ಬಂದಾಯ್ತು. ಇಬ್ರನ್ನೂ ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ನಂಬರಲ್ಲಿ) ಬುಕ್ ಮಾಡಿ, ಕಂಪನಿ ಒಬ್ಬರ ಟಿಕೆಟ್ ಕೊಟ್ಟು ಇನ್ನೊಬ್ಬರದ್ದು ನೀವು ಮಾಡಿದ್ರೆ ಒಬ್ಬರ ಲಗೇಜ್ ಲಿಮಿಟ್ಟೇ ಬೇರೆ, ಫ್ಲೈಟ್ ಕ್ಯಾನ್ಸಲ್ ಆದ್ರೆ ಒಬ್ಬರನ್ನ ಇವತ್ತಿನ ವಿಮಾನಕ್ಕೆ ಇನ್ನೊಬ್ಬರನ್ನ ನಾಳೆಯದ್ದಕ್ಕೆ ಹಾಕಿಬಿಡ್ತಾರೆ.

ಲಗೇಜು. ಅಮ್ಮ ಒಂದ್ ಕಡೆ ಅತ್ತೆ ಒಂದ್ ಕಡೆ ಕೂತ್ಕೊಂಡು ತುಂಬೋಕೆ ಶುರು ಮಾಡಿದ್ರೆ ನಿಮ್ಮ ಕೈಲಿ ಏನೂ ಇರಲ್ಲ, ಅದಕ್ಕೇ ಬೇಡದ್ದರ ಲಿಸ್ಟ್ ಮೊದಲೇ ಕೊಟ್ಬಿಡಿ. ಒಣ ಕೊಬ್ಬರಿ ವಿಮಾನಕ್ಕೆ ಹಾಕೋ ಹಾಗಿಲ್ಲ, ಅದರಲ್ಲಿರೋ ಎಣ್ಣೆಗೆ ಬೆಂಕಿ ಹತ್ತಬಹುದು ಅನ್ನೋ ಕಾರಣಕ್ಕೆ, ಚೆಕ್ ಇನ್ ಬ್ಯಾಗಲ್ಲಿ ಸಿಕ್ರೂ ಕರೆಸಿ ತೆಗೆಸ್ತಾರೆ. ತುಪ್ಪ, ಧಾರವಾಡ ಪೇಡ ಎಲ್ಲ ಹಾಲಿನ ಪದಾರ್ಥದ ಲೆಕ್ಕ, ಭಾರತದಿಂದ ಬ್ರಿಟನ್ ಒಳಗೆ ಬಿಡಲ್ಲ, ಅಲ್ಲಿ ಇಂಡಿಯನ್ ಅಂಗಡೀಲಿ ತುಪ್ಪ ಸಿಗತ್ತೆ ಬಿಡಿ. ದುಬೈ ಮೇಲೆ ಹೋಗೋರು ಗಸಗಸೆ ಮಾತ್ರ ದಯವಿಟ್ಟು ಇಟ್ಕೊಳ್ಬೇಡಿ, ಪಾಯಸಕ್ಕೆ ಅಂತ ಅತ್ತೆ ಇಟ್ಟ ಚಿಕ್ಕ ಪೊಟ್ಟಣನೇ ಆದ್ರೂ ಯುಎಇ ಕಾನೂನಿಗೆ ಅದು ಡ್ರಗ್ಸ್, ಜೈಲಿನ ಮಾತು. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಗಟ್ಟಿ ಪ್ಯಾಕ್ ಮಾಡಿ ಮೇಲೆ ಹೆಸರು ಬರೆದು ಚೆಕ್ ಇನ್‌ಗೆ ಹಾಕಿ, ಉಪ್ಪಿನಕಾಯಿನೂ ಅಲ್ಲೇ, ಎರಡು ಕವರ್ ಒಳಗೆ. ಕುಕ್ಕರ್ ತಗೊಂಡು ಹೋಗಿ, ಆದ್ರೆ ಇಂಡಕ್ಷನ್ ತಳ ಇರೋದು. ಮಿಕ್ಸಿನೂ ನಡಿಯತ್ತೆ, ಅಲ್ಲೂ 230 ವೋಲ್ಟ್ 50 ಹರ್ಟ್ಸೇ, ಪ್ಲಗ್ ಮಾತ್ರ ಬೇರೆ. ಪವರ್ ಬ್ಯಾಂಕ್ ಕೈ ಬ್ಯಾಗಲ್ಲಿ. ಮಾತ್ರೆಗಳಿಗೆ ಡಾಕ್ಟರ್ ಬರೆದ ಚೀಟಿ ಇಂಗ್ಲಿಷಲ್ಲಿ ಇರ್ಲಿ. ಇಬ್ರ ಬಟ್ಟೆನೂ ಎರಡು ಪೆಟ್ಟಿಗೇಲೂ ಹಂಚಿ ಹಾಕಿ, ಒಂದು ಪೆಟ್ಟಿಗೆ ಬರ್ದೇ ಇದ್ರೂ ಇಬ್ರಿಗೂ ನಾಳೆಗೆ ಬಟ್ಟೆ ಇರತ್ತೆ.

ಚಿನ್ನ ಜಾಸ್ತಿ ತಗೊಂಡು ಹೋಗೋದಾದ್ರೆ ಹೊರಡುವಾಗ ಏರ್‌ಪೋರ್ಟ್ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡ್ಸಿ, ಇಲ್ಲಾಂದ್ರೆ ಮುಂದಿನ ಸಲ ಊರಿಗೆ ಬರುವಾಗ ನಿಮ್ಮದೇ ಒಡವೆಗೆ ಡ್ಯೂಟಿ ಕಟ್ಟಿ ಅಂದ್ರೂ ಅನ್ನಬಹುದು. ಹೌದು, ಟೈಮ್ ತಗೊಳತ್ತೆ, ಬೇಗ ಹೋಗಿ. ತಾಳಿ, ಬಳೆ ಬಿಟ್ಟು ಮಿಕ್ಕಿದ್ದು ಲಾಕರಲ್ಲೇ ಇರೋದು ವಾಸಿ.

ಇಬ್ರ ಭಾರತದ ಸಿಮ್‌ನೂ ಜೀವಂತ ಇಡಿ, ಬ್ಯಾಂಕ್ ಓಟಿಪಿ ಎಲ್ಲ ಅದಕ್ಕೇ ಬರೋದು, ರೋಮಿಂಗ್ ಇಲ್ಲೇ ಆನ್ ಮಾಡಿಸಿ ಒಂದು ಮೆಸೇಜ್ ಬರ್ತಿದೆಯಾ ನೋಡಿ ಹೊರಡಿ.

ಹೋದ್ಮೇಲೆ ಮೊದಲ ಗುದ್ದಾಟ ಅಡ್ರೆಸ್ ಪ್ರೂಫ್. ಮನೆ ಅಗ್ರಿಮೆಂಟು, ಕೌನ್ಸಿಲ್ ಟ್ಯಾಕ್ಸು (ಅಲ್ಲಿನ ಸ್ಥಳೀಯ ಆಡಳಿತಕ್ಕೆ ಕಟ್ಟೋ ಮನೆ ತೆರಿಗೆ), ಕರೆಂಟ್ ಬಿಲ್ಲು ಎಲ್ಲ ಕೆಲಸ ಇರೋರ ಹೆಸರಲ್ಲೇ ಮಾಡಿ ಬಿಟ್ರೆ ಇನ್ನೊಬ್ಬರಿಗೆ ಬ್ಯಾಂಕ್ ಅಕೌಂಟೇ ಓಪನ್ ಆಗಲ್ಲ, ಅಕೌಂಟ್ ಇಲ್ಲ ಅಂದ್ರೆ ಸಂಬಳ ಎಲ್ಲಿಗೆ ಹಾಕ್ತಾರೆ? ಡಿಪೆಂಡೆಂಟ್ ಪಾರ್ಟ್‌ನರ್‌ಗೆ ಅಲ್ಲಿ ಹೆಚ್ಚುಕಮ್ಮಿ ಯಾವ ಕೆಲಸ ಬೇಕಾದ್ರೂ ಮಾಡೋಕೆ ಅವಕಾಶ ಇದೆ, ಅದನ್ನ ಪೇಪರ್ ಇಲ್ದೇ ಹಾಳು ಮಾಡ್ಕೋಬೇಡಿ. ಇಂಗ್ಲೆಂಡಲ್ಲಿ ಮನೆ ಕೊಡೋ ಮುಂಚೆ ರೈಟ್ ಟು ರೆಂಟ್ ಅಂತ, ಬಾಡಿಗೆಗೆ ಇರೋಕೆ ನಿಮಗೆ ಹಕ್ಕಿದೆಯಾ ಅಂತ ಚೆಕ್ ಮಾಡ್ತಾರೆ, ಇಬ್ರೂ ಬೇರೆ ಬೇರೆ ಶೇರ್ ಕೋಡ್ (ಈವೀಸಾ ತೋರಿಸೋಕೆ ಆನ್‌ಲೈನಲ್ಲಿ ತೆಗೆಯೋ ಕೋಡ್) ಕೊಡಿ, ಅಗ್ರಿಮೆಂಟಲ್ಲಿ ಇಬ್ರ ಹೆಸರೂ ಹಾಕಿಸಿ. ಹೆಸರು ಹಾಕೋಕೆ ಏಜೆಂಟ್ ಎಕ್ಸ್‌ಟ್ರಾ ಫೀ ಕೇಳಿದ್ರೆ ಕೊಡ್ಬೇಡಿ, ಅಂಥ ಫೀ ಅಲ್ಲಿ 2019ರಿಂದ ನಿಷೇಧ, ಡೆಪಾಸಿಟ್‌ನೂ ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ. ಜಿಪಿ (ಮನೆ ಹತ್ತಿರದ ಸರ್ಕಾರಿ ವ್ಯವಸ್ಥೆಯ ಡಾಕ್ಟರ್) ರಿಜಿಸ್ಟ್ರೇಶನ್ ಇಬ್ರೂ ಅಲ್ಲಿ ಇಳಿದ ಮೊದಲ ವಾರವೇ ಮಾಡಿಸಿ, ಅದು ಫ್ರೀ, ಅಲ್ಲಿಂದ ಮನೆಗೆ ಬರೋ ಲೆಟರ್ ಕೆಲವು ಬ್ಯಾಂಕಿಗೆ ಪ್ರೂಫೂ ಆಗತ್ತೆ. ಎರಡೂ ಹೆಸರಿಗೆ ಬರೋ ಲೆಟರ್‌ಗಳನ್ನ ಒಂದು ಫೈಲಲ್ಲಿ ಹಾಕ್ತಾ ಹೋಗಿ, ವೀಸಾ ಎಕ್ಸ್‌ಟೆನ್ಷನ್ ಟೈಮಲ್ಲಿ ಜೊತೇಲೇ ಇದ್ರಾ ಅಂತ ಕೇಳಿದ್ರೆ ತೋರಿಸೋಕೆ ಅದೇ ಬೇಕಾಗೋದು.