ತಿರುಗಬಹುದಾಗಿದ್ದ ಜಾಗ

ಸಣ್ಣ ವಿಮಾನಗಳ ಅಪಘಾತ ತನಿಖೆ ನನ್ನ ಕೆಲಸ. ಕೆಟ್ಟ ಹವೆಯಲ್ಲಿ ಗುಡ್ಡಕ್ಕೆ ಬಡಿದ ಒಂಟಿ ಎಂಜಿನ್ನಿನ, ನಾಲ್ಕು ಸೀಟಿನ ವಿಮಾನವೊಂದರ ತನಿಖೆ ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ. ಅದರಲ್ಲಿದ್ದ ಇಬ್ಬರೂ ಉಳಿಯಲಿಲ್ಲ.

ಮೋಡ ದಾರಿ ಬಿಟ್ಟಿದ್ದು ಮೂರನೇ ದಿನ. ಹೋದಕೂಡಲೇ ಯಾವುದನ್ನೂ ಮುಟ್ಟುವುದಿಲ್ಲ. ಮೂಗು, ಬಾಲ, ಎರಡು ರೆಕ್ಕೆಯ ತುದಿ ಎಲ್ಲಿವೆ ಅಂತ ಮೊದಲು ಹುಡುಕುತ್ತೇವೆ. ನಾಲ್ಕೂ ಹತ್ತಿರದಲ್ಲೇ ಸಿಕ್ಕರೆ ವಿಮಾನ ಗಾಳಿಯಲ್ಲೇ ಮುರಿದು ಬಿದ್ದದ್ದಲ್ಲ. ನಾಲ್ಕೂ ಸಿಕ್ಕವು. ರೆಕ್ಕೆ ತಗುಲಿ ಎಡಗಡೆಯ ಮರ ನಡುಮಟ್ಟದಲ್ಲಿ, ಬಲಗಡೆಯದು ತುದಿಯ ಹತ್ತಿರ ತುಂಡಾಗಿತ್ತು. ಎರಡು ಗಾಯಗಳ ನಡುವೆ ದಾರ ಹಿಡಿದು ಕೋನ ಅಳೆದೆವು: ಎಡಕ್ಕೆ ಸುಮಾರು 40 ಡಿಗ್ರಿ ವಾಲು. ಪುಸ್ತಕದಲ್ಲಿ ಬರೆದುಕೊಂಡು ಮುಂದೆ ಹೋದೆ.

ಪ್ರೊಪೆಲ್ಲರ್ ಸುಳ್ಳು ಹೇಳುವುದು ಕಡಿಮೆ. ನಿಂತ ಪ್ರೊಪೆಲ್ಲರ್ ಬಡಿದರೆ ಅದರ ಅಲಗು ಸುಮ್ಮನೆ ಹಿಂದಕ್ಕೆ ಬಾಗುತ್ತದೆ. ಇಲ್ಲಿ ಎರಡೂ ಅಲಗು ತಿರುಚಿಕೊಂಡಿದ್ದವು, ಅಡ್ಡಕ್ಕೆ ಗೀರು, ಮುಂಚೂಣಿಯ ಅಂಚಿನಲ್ಲಿ ಕಚ್ಚು. ಎಂಜಿನ್ ಜೋರಾಗಿಯೇ ಓಡುತ್ತಿತ್ತು. ಎಂಜಿನ್ನಿಗೆ ಗಾಳಿ, ಇಂಧನ ಬೆರೆಸಿಕೊಡುವ ಕಾರ್ಬ್ಯುರೇಟರ್‌ನಲ್ಲಿ ಹಿಮ ಕಟ್ಟಿ ಎಂಜಿನ್ ಸೊರಗಿತ್ತೇ ಎಂಬ ಅನುಮಾನ ಇಂಥ ತೇವದಲ್ಲಿ ಬರಲೇಬೇಕು. ಆದರೆ ನಾವು ತಲುಪುವ ಹೊತ್ತಿಗೆ ಆ ಸಾಕ್ಷಿ ಕರಗಿ ನೀರಾಗಿರುತ್ತದೆ. ಅದಕ್ಕೂ ಅಲಗುಗಳೇ ಉತ್ತರ ಕೊಟ್ಟವು. ವಿಮಾನದ ವಾಲು ತೋರಿಸುವ ಗೈರೋ ಉಪಕರಣದ ಗಾಲಿ ತನ್ನ ಗೂಡಿನ ಒಳಗೋಡೆಯನ್ನು ಸುತ್ತಲೂ ಕೆರೆದಿತ್ತು, ಅಂದರೆ ಅದೂ ತಿರುಗುತ್ತಿತ್ತು.

ಕೆಡದ ವಿಮಾನ, ಎದುರಿಗೆ ಗುಡ್ಡ. ‘ಪೈಲಟ್ ತಪ್ಪು’ ಅಂತ ಬರೆದು ಕಡತ ಮುಚ್ಚಬಹುದಿತ್ತು. ನನಗೆ ಆ ಎರಡು ಪದಗಳ ಮೇಲೆ ಸಿಟ್ಟಿದೆ, ಅವು ಏನನ್ನೂ ವಿವರಿಸುವುದಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದದ 13ನೇ ಅನುಬಂಧವೂ ತನಿಖೆ ಇರುವುದು ಮುಂದಿನ ಅಪಘಾತ ತಪ್ಪಿಸಲಿಕ್ಕೆ, ಯಾರ ತಲೆಗಾದರೂ ಕಟ್ಟಲಿಕ್ಕಲ್ಲ ಎನ್ನುತ್ತದೆ. ಹಾಗಾಗಿ ನಾನು ಹುಡುಕಿದ್ದು ಬೇರೆ: ವಾಪಸು ತಿರುಗಲು ಸಾಧ್ಯವಿದ್ದ ಕೊನೆಯ ಜಾಗ.

ಈ ಗಾತ್ರದ ವಿಮಾನದಲ್ಲಿ ಕಪ್ಪುಪೆಟ್ಟಿಗೆ ಇರಲಿಲ್ಲ. ಪೈಲಟ್ ನಕ್ಷೆಗೆ ಬಳಸುತ್ತಿದ್ದ ಟ್ಯಾಬ್ಲೆಟ್ಟಿನ ಪರದೆ ಪುಡಿಯಾಗಿದ್ದರೂ ಒಳಗಿನ ಚಿಪ್ ಉಳಿದಿತ್ತು. ಅದರಿಂದ ಕ್ಷಣಕ್ಷಣದ ಜಾಡು ತೆಗೆದು, ಆಕಾಶ ತಿಳಿಯಾದ ದಿನ ಅದೇ ಕಣಿವೆಯಲ್ಲಿ ಹಾರಿದೆ. ಕೂತು ನೋಡಿದಾಗಲೇ ಗೊತ್ತಾಗಿದ್ದು: ಅಲ್ಲಿ ನೆಲ ಏರುವುದು ಕಣ್ಣಿಗೆ ಕಾಣುವುದೇ ಇಲ್ಲ. ದಿಗಂತ ಮುಚ್ಚಿದ ದಿನ ಇನ್ನೂ ಕಷ್ಟ. ಕೆಳಗಿನಿಂದ ನೆಲ ಏರುತ್ತದೆ, ಮೇಲಿನಿಂದ ಮೋಡ ಇಳಿಯುತ್ತದೆ, ನಡುವೆ ಮುಂದೆಲ್ಲೋ ಬೆಳಕು ಕಂಡಂತಾಗುತ್ತದೆ. ಆ ಬೆಳಕಿನ ಆಸೆಗೇ ಜನ ಹೋಗುತ್ತಾರೆ.

ಮೋಡದೊಳಕ್ಕೇ ಏರಿಬಿಡಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಬರೀ ಉಪಕರಣ ನೋಡಿ ಹಾರುವ ತರಬೇತಿ ಈ ಪೈಲಟ್‌ಗಿರಲಿಲ್ಲ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಅಂಥ 20 ಜನರಿಗೆ ಹೊರಗಿನ ನೋಟ ಮರೆಮಾಡಿ ಹಾರಿಸಿ ನೋಡಿದ್ದರು. ಹತೋಟಿ ತಪ್ಪಲು ಸರಾಸರಿ 178 ಸೆಕೆಂಡು ಸಾಕಾಯಿತು.

ಜಾಡಿನಲ್ಲಿ ವೇಗ 110 ನಾಟ್, ಅಂದರೆ ಗಂಟೆಗೆ ಸುಮಾರು 204 ಕಿಲೋಮೀಟರ್. 30 ಡಿಗ್ರಿ ವಾಲಿಸಿ ಆ ವೇಗದಲ್ಲಿ ಪೂರ್ತಿ ಹಿಂದಿರುಗಲು ಸುಮಾರು 1,130 ಮೀಟರ್ ಅಗಲ ಬೇಕು. 70 ನಾಟ್‌ಗೆ ಇಳಿಸಿದರೆ 460 ಸಾಕು, ಯಾಕೆಂದರೆ ವೇಗ ಇಮ್ಮಡಿಯಾದರೆ ತಿರುವು ನಾಲ್ಕು ಪಟ್ಟು ಹಿಗ್ಗುತ್ತದೆ. ಬಡಿದ ಜಾಗಕ್ಕಿಂತ 4 ಕಿಲೋಮೀಟರ್ ಹಿಂದೆ ಕಣಿವೆಯ ಅಗಲ 1,300 ಮೀಟರ್. ವಿಮಾನ ನಟ್ಟನಡುವೆ ಹಾರುತ್ತಿತ್ತು. ಎಡಕ್ಕೆ 650, ಬಲಕ್ಕೆ 650. ಬಲಗೋಡೆಗೆ ಒತ್ತಿ ಹೋಗಿದ್ದರೆ ಅದೇ ವೇಗದಲ್ಲೂ ತಿರುಗಬಹುದಿತ್ತು. ವೇಗ ಇಳಿಸಿದ್ದರೆ ನಡುವಿನಿಂದಲೇ ಆಗುತ್ತಿತ್ತು. ನಡುವೆ ಹಾರಿದರೆ ಎರಡೂ ಗೋಡೆ ದೂರ ಅನ್ನಿಸುತ್ತದೆ, ನನಗೂ ಅಂದು ಹಾಗೇ ಅನ್ನಿಸಿತು. ಅಲ್ಲಿಂದ ಗುಡ್ಡಕ್ಕೆ ಸುಮಾರು 70 ಸೆಕೆಂಡು.

ವರದಿ ಕೊಡಲು ಹೋದಾಗ ಪೈಲಟ್‌ನ ಅಕ್ಕ ಒಂದೇ ಮಾತು ಕೇಳಿದರು, “ಅವನು ವಾಪಸು ಬರ್ತಿದ್ನಾ?”

ದಾರ ಹಿಡಿದು ಅಳೆದ ಆ ಮರಗಳ ಚಿತ್ರ ತೋರಿಸಿದೆ. 40 ಡಿಗ್ರಿ, ಎಡಕ್ಕೆ. “ಹೌದಮ್ಮ, ತಿರುಗಿಸ್ತಾ ಇದ್ದರು” ಅಂದೆ. ಅಲ್ಲಿ ಕಣಿವೆಯ ಅಗಲ 600 ಮೀಟರ್ ಅಂತ ಪಕ್ಕದಲ್ಲೇ ಬರೆದಿತ್ತು. ಅವರು ಅದನ್ನೂ ಓದಿದರು.