ಕಾಫಿಪುಡಿ ರೇಟು ಏರಿದಾಗ ಎಂತ ಮಾಡುವುದು

ಮಂಗಳೂರಿನಲ್ಲಿ ನಾನು ಪುಡಿ ತರುವ ಅಂಗಡಿಯಲ್ಲಿ ರೇಟನ್ನು ಕಪ್ಪು ಹಲಗೆ ಮೇಲೆ ಚಾಕ್‌ಪೀಸಿನಲ್ಲಿ ಬರೆಯುತ್ತಾರೆ. ಒರೆಸಿ ಬರೆದು, ಒರೆಸಿ ಬರೆದು, ಆ ಜಾಗವೇ ಬೆಳ್ಳಗಾಗಿದೆ. ಹೋದಾಗೆಲ್ಲ ಯಾರಾದರೊಬ್ಬರು ಕೇಳುತ್ತಾರೆ, "ಎಂತ ಮಾರಾಯ್ರೆ, ಘಾಟಿ ಹತ್ತಿದರೆ ಕಾಫಿ ತೋಟ, ನಮಗೇ ಇಷ್ಟು ರೇಟಾ?" ಕೇಳಬೇಕಾದ ಪ್ರಶ್ನೆಯೇ. ಉತ್ತರ ಗೊತ್ತಿದ್ದರೆ ಪುಡಿ ಕೊಳ್ಳುವಾಗ ಮೋಸ ಹೋಗುವುದಿಲ್ಲ.

ತೋಟ ಚಾರ್ಮಾಡಿ ಘಾಟಿಯ ಆಚೆಗೇ ಇದೆ, ನಿಜ. ಆದರೆ ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ಹೊರಗೆ ಹೋಗುತ್ತದೆ, ಇಟಲಿ ದೊಡ್ಡ ಗಿರಾಕಿ, ಪಣಂಬೂರಿನ ಬಂದರಿನಿಂದಲೂ ಹಡಗು ಹತ್ತುತ್ತದೆ. ಹಿಂದೆ ಬೆಳೆಯನ್ನೆಲ್ಲ ಕಾಫಿ ಬೋರ್ಡೇ ತೆಗೆದುಕೊಳ್ಳುತ್ತಿತ್ತು, 1996ರ ನಂತರ ಬೆಳೆಗಾರರು ಪೂರ್ತಿ ಅವರಾಗಿಯೇ ಮಾರಬಹುದು. ಹಾಗಾಗಿ ಮೂಡಿಗೆರೆಯ ರೇಟು ನ್ಯೂಯಾರ್ಕ್, ಲಂಡನ್ ಪೇಟೆ ಹೇಳಿದ ಹಾಗೆ ಕುಣಿಯುತ್ತದೆ. ಕಾಫಿಯಲ್ಲಿ ಮುಖ್ಯವಾಗಿ ಎರಡು ಜಾತಿ, ಅರೇಬಿಕಾಕ್ಕೆ ನ್ಯೂಯಾರ್ಕ್, ರೊಬಸ್ಟಾಕ್ಕೆ ಲಂಡನ್.

ಬ್ರೆಜಿಲ್‌ನಲ್ಲಿ 2021ರಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಿಡ ಸುಟ್ಟಿತು, 2024ರಲ್ಲಿ ಮಳೆ ಕೈಕೊಟ್ಟಿತು. ರೊಬಸ್ಟಾ ಬೆಳೆಯುವ ವಿಯೆಟ್ನಾಂನಲ್ಲೂ ಬರ, ಅಲ್ಲಿ ತುಂಬಾ ರೈತರು ಕಾಫಿ ಕಿತ್ತು ಡುರಿಯನ್ ಹಣ್ಣು ಹಾಕಿದರು. 1977ರ ದಾಖಲೆ ಮುರಿದು, 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಒಂದು ಪೌಂಡಿಗೆ, ಅಂದರೆ ಅರ್ಧ ಕಿಲೋಗೂ ಕಡಿಮೆಗೆ, 4 ಡಾಲರ್ ದಾಟಿತು. ಆಗಸ್ಟ್‌ನಲ್ಲಿ ಅಮೆರಿಕ ಬ್ರೆಜಿಲ್ ಮಾಲಿನ ಮೇಲೆ 50 ಪರ್ಸೆಂಟ್ ಸುಂಕ ಹಾಕಿದಾಗ ಮತ್ತೆ ಏರಿತು. ನವೆಂಬರ್‌ನಲ್ಲಿ ಕಾಫಿಗೆ ಅದನ್ನು ತೆಗೆದರು. ನಮ್ಮ ಬೆಳೆಗಾರರ ಮೇಲೆ ಸಿಟ್ಟು ಮಾಡಬೇಡಿ, ಎಷ್ಟೋ ವರ್ಷ ಅವರಿಗೆ ಕೂಲಿ ಕೊಡುವಷ್ಟೂ ಹುಟ್ಟುತ್ತಿರಲಿಲ್ಲ.

ಈಗ ಮನೆಯ ಲೆಕ್ಕ. ಒಂದು ಲೋಟಕ್ಕೆ ಸುಮಾರು 10 ಗ್ರಾಂ ಪುಡಿ ಅಂತ ಇಟ್ಟುಕೊಳ್ಳಿ, ಒಂದು ಕಿಲೋಗೆ 100 ಲೋಟ. ಕಿಲೋಗೆ 100 ರೂಪಾಯಿ ಏರಿದರೆ ಲೋಟಕ್ಕೆ ಏರುವುದು 1 ರೂಪಾಯಿ. ನಾಲ್ಕು ಜನ ದಿನಕ್ಕೆ ಎರಡು ಸಲ ಕುಡಿದರೆ ತಿಂಗಳಿಗೆ 240 ರೂಪಾಯಿ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತಲ್ಲ, ಲೋಟಕ್ಕೆ 100 ಎಂಎಲ್ ಹಾಲು ಹಾಕಿದರೆ ಅದು 40 ಪೈಸೆ. ಈ ಲೆಕ್ಕ ಕೈಯಲ್ಲಿದ್ದರೆ ಗಾಬರಿಯಾಗಿ ಅಗ್ಗದ ಪುಡಿಗೆ ಹೋಗುವುದಿಲ್ಲ.

ಯಾಕೆಂದರೆ ಅಗ್ಗದ ಪುಡಿಯಲ್ಲಿ ಕಡಿಮೆಯಾಗುವುದು ಕಾಫಿಯೇ. ನನಗೆ ಆದದ್ದು ಹೇಳುತ್ತೇನೆ. ರೇಟು ಹೆಚ್ಚಾಗಿಲ್ಲ ಅಂತ ಖುಷಿಯಲ್ಲಿ ಒಂದು ಪ್ಯಾಕೆಟ್ ತಂದೆ. ಡಿಕಾಕ್ಷನ್ ಮಸಿಯ ಹಾಗೆ ಕಪ್ಪು, ಪರಿಮಳ ಮಾತ್ರ ಇಲ್ಲ, ಕುಡಿದರೆ ಬಾಯಲ್ಲಿ ಸುಟ್ಟ ಬೆಲ್ಲದ ರುಚಿ. ಪ್ಯಾಕೆಟ್ ತಿರುಗಿಸಿ ನೋಡಿದರೆ ಕಾಫಿ 53, ಚಿಕೋರಿ 47! ಚಿಕೋರಿ ಅಂದರೆ ಹುರಿದ ಒಂದು ಬೇರಿನ ಪುಡಿ, ಕಾಫಿಯಲ್ಲ. ಕಾಫಿ 51 ಪರ್ಸೆಂಟಿಗಿಂತ ಕಡಿಮೆ ಇರಬಾರದು ಅಂತ ನಿಯಮ, ಪ್ರಮಾಣವನ್ನು ಪ್ಯಾಕೆಟ್ ಮೇಲೆ ಬರೆಯಲೇಬೇಕು. ರೇಟು ನೋಡುವ ಮೊದಲು ಆ ಸಾಲು ಓದಿ. ಬಿಡಿ ಪುಡಿಯಾದರೆ ಬೀಜ ನಿಮ್ಮ ಎದುರೇ ತೂಗಿ, ಚಿಕೋರಿ ಬೇರೆ ತೂಗಿ, ಆಮೇಲೆ ಹುಡಿ ಮಾಡಿಸಿ. ಕೇಳುವುದಕ್ಕೆ ನಾಚಿಕೆ ಬೇಡ.

ಅನುಮಾನ ಇದ್ದರೆ ಒಂದು ಗಾಜಿನ ಲೋಟದಲ್ಲಿ ತಣ್ಣೀರು ಇಟ್ಟು ಅರ್ಧ ಚಮಚ ಪುಡಿ ಮೇಲಿಂದ ಉದುರಿಸಿ. ಕಾಫಿ ತೇಲುತ್ತದೆ. ಚಿಕೋರಿ ಬೇಗ ಮುಳುಗುತ್ತಾ ನೀರಿನಲ್ಲಿ ಕಂದು ಗೆರೆ ಎಳೆಯುತ್ತದೆ, ಕಣ್ಣಿಗೇ ಕಾಣುತ್ತದೆ. ಎಷ್ಟು ಪರ್ಸೆಂಟ್ ಅಂತ ಇದರಲ್ಲಿ ಗೊತ್ತಾಗುವುದಿಲ್ಲ, ಶುದ್ಧ ಕಾಫಿ ಅಂತ ಮಾರಿದ್ದು ಶುದ್ಧವೋ ಅಲ್ಲವೋ ಅಂತ ಗೊತ್ತಾಗುತ್ತದೆ.

ಉಳಿಸಲೇಬೇಕು ಅಂದರೆ ಚಿಕೋರಿ ಹೆಚ್ಚು ಮಾಡುವ ಬದಲು ರೊಬಸ್ಟಾ ಸ್ವಲ್ಪ ಹೆಚ್ಚು ಹಾಕಿಸಿ. ಸಾಮಾನ್ಯವಾಗಿ ಅರೇಬಿಕಾಕ್ಕಿಂತ ಅಗ್ಗ, ಹಾಲಿಗೆ ಚೆನ್ನಾಗಿ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಬೀಜದಲ್ಲಿ ಪೀಬೆರಿ (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಉರುಟು ಬೀಜ) ಅರ್ಧ, ರೊಬಸ್ಟಾ ಅರ್ಧ, ಒಟ್ಟು ಪುಡಿಯಲ್ಲಿ ಚಿಕೋರಿ 15 ಪರ್ಸೆಂಟ್, ನನಗೆ ಇದೇ ಇಷ್ಟ.

ಇನ್ನೂ ಏರುತ್ತದೆ ಅಂತ ಸುಮ್ನೆ ಎರಡು ಕಿಲೋ ತಂದಿಡಬೇಡಿ. ಜುಲೈಯಲ್ಲಿ ನಮ್ಮ ಊರಿನ ಥಂಡಿಗೆ ಡಬ್ಬಿಯ ಪುಡಿ ವಾರದಲ್ಲೇ ಗಂಟು ಕಟ್ಟುತ್ತದೆ, ಪರಿಮಳ ಹೋದ ಪುಡಿಯನ್ನು ಎರಡು ಚಮಚ ಜಾಸ್ತಿ ಹಾಕಿದರೂ ಪ್ರಯೋಜನವಿಲ್ಲ, ಅದೂ ದುಡ್ಡೇ ಅಲ್ವಾ? 200 ಗ್ರಾಂ ತನ್ನಿ, ಒದ್ದೆ ಚಮಚ ಹಾಕಬೇಡಿ.

ಫಿಲ್ಟರ್‌ಗೆ ಮೊದಲು ಪುಡಿ ನೆನೆಯುವಷ್ಟೇ ಬಿಸಿನೀರು ಹಾಕಿ, ಅರ್ಧ ನಿಮಿಷ ಬಿಟ್ಟು ಉಳಿದದ್ದು ಹಾಕಿ. ಎರಡನೇ ಡಿಕಾಕ್ಷನ್ ಚೆಲ್ಲಬೇಡಿ, ಸಂಜೆ ಕಾಫಿಗೆ ಮೊದಲನೆಯದರ ಜೊತೆ ಬೆರೆಸಬಹುದು. ಡಿಕಾಕ್ಷನ್ ಇಳಿಯದೆ ನಿಂತರೆ ಕೂಡಲೇ ಪುಡಿಯನ್ನು ಬೈಯಬೇಡಿ, ಫಿಲ್ಟರಿನ ತೂತು ಕಟ್ಟಿರಬಹುದು. ಮೇಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ತಳ ತೋರಿಸಿ, ಹಳೇ ಪುಡಿ ಸುಟ್ಟು ಹೋದ ಮೇಲೆ ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ತಿಕ್ಕಿ ತೊಳೆಯಿರಿ.